ಕವರಿನ ಹಿಂಬದಿ ಓದಿ: ಹೆಚ್ಚು ಜನ ಕೇಳದ ಆಲ್ಬಂ ಹುಡುಕಿಕೊಳ್ಳುವ ಬಗೆ

ಹೊಸದಾಗಿ ಸಂಗೀತ ಕೇಳಲು ಕೂತವರು ಮೊದಲು ಮಾಡುವುದು ಒಂದೇ ಕೆಲಸ. ಆ್ಯಪ್ ತೆರೆದು 'ಒಳ್ಳೆಯ ಕನ್ನಡ ಆಲ್ಬಂ' ಎಂದೋ 'ಕೇಳಲೇಬೇಕಾದ ವೀಣೆ' ಎಂದೋ ಹೊಡೆಯುತ್ತಾರೆ. ಎಲ್ಲರಿಗೂ ಬರುವ ಅದೇ ಇಪ್ಪತ್ತು ಮೂವತ್ತು ಹಾಡು ಇವರಿಗೂ ಬರುತ್ತವೆ. ಅದು ಆ್ಯಪ್‌ನ ತಪ್ಪಲ್ಲ. ಹೆಚ್ಚು ಜನ ಒತ್ತಿದ್ದನ್ನು ಮುಂದೆ ತಂದಿಡುವುದೇ ಅದರ ಕಸುಬು. ಕಡಿಮೆ ಜನ ಕೇಳಿದ್ದನ್ನು ಅದರ ಕೈಯಲ್ಲೇ ಕೇಳಿದರೆ ಎಲ್ಲಿಂದ ಕೊಟ್ಟೀತು? ಅಂಥ ಆಲ್ಬಂಗಳ ವಿಳಾಸ ಇರುವುದು ನಿಮಗೆ ಈಗಾಗಲೇ ಇಷ್ಟವಾದ ಯಾವುದೋ ಒಂದು ಆಲ್ಬಂನ ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿ. ಕಚೇರಿಗೆ ಹೋಗುವ ಹಳಬರು 'ಪಕ್ಕವಾದ್ಯ ಯಾರದು?' ಅಂತ ಮೊದಲೇ ವಿಚಾರಿಸುತ್ತಾರಲ್ಲ, ಇಲ್ಲಿ ಬೇಕಾದ ಅಭ್ಯಾಸ ಅಷ್ಟೇ.

ಆಲ್ಬಂ ಎಂದರೆ ಎಷ್ಟು ಹೊತ್ತು

ಸಿನಿಮಾ ಹಾಡಿನಿಂದ ಬಂದವರಿಗೆ ಹಾಡೇ ಒಂದು ಘಟಕ. ನಾಲ್ಕೈದು ನಿಮಿಷ, ಮುಗಿಯಿತು. ಆಲ್ಬಂಗೆ ಬೇರೆಯದೇ ಅಳತೆ, ಆ ಅಳತೆ ಹುಟ್ಟಿದ್ದು ತಟ್ಟೆಯಿಂದ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಹತ್ತಿಂಚಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಉದ್ದದ ಕೃತಿ ಬೇಕೆಂದರೆ ಐದಾರು ತಟ್ಟೆ ಬೇಕಾಗುತ್ತಿತ್ತು. ಅವನ್ನು ಫೋಟೋ ಆಲ್ಬಂ ಥರ ಹಾಳೆ ಹಾಳೆಯ ಚೀಲವಿರುವ ರಟ್ಟಿನ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಎಲ್‌ಪಿ, ಅಂದರೆ ಲಾಂಗ್ ಪ್ಲೇ ತಟ್ಟೆ, ಬಂದಮೇಲೆ ಬದಿಗೆ ಇಪ್ಪತ್ತು ನಿಮಿಷ ದಾಟಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿಗೆ ಮೂವತ್ತು. ಸಿಡಿಯಲ್ಲಿ ಒಟ್ಟು 74, ಆಮೇಲೆ 80.

ಹಾಗಾಗಿ ಬಹುಪಾಲು ಆಲ್ಬಂ 40ರಿಂದ 60 ನಿಮಿಷದೊಳಗೆ ಮುಗಿಯುತ್ತದೆ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಇದು ಹೇಳಿ ಮಾಡಿಸಿದ ಅಳತೆ: ಸುಮಾರು 45 ಕಿಲೋಮೀಟರು, ಯಲಿಯೂರಿನಲ್ಲಿ ಶುರುವಾದದ್ದು ನಾಗನಹಳ್ಳಿ ಹೊತ್ತಿಗೆ ಕೊನೆಯ ಹಾಡಿಗೆ ಬಂದಿರುತ್ತದೆ. ಆದರೆ ಎಲ್ಲ ಆಲ್ಬಂ ರೈಲಿಗೆ ಒಗ್ಗುವುದಿಲ್ಲ. ವೀಣೆಯ ಹಳೆಯ ಧ್ವನಿಮುದ್ರಣ ಮೆಲ್ಲಗಿರುತ್ತದೆ. ಬೋಗಿಯ ಸದ್ದಿನಲ್ಲಿ ಮೀಟು ಮಾತ್ರ ಕೇಳಿಸಿ, ಅದರ ಹಿಂದೆ ಎಳೆಯುವ ಗಮಕ ಕೇಳಿಸದೆ ಹೋಗುತ್ತದೆ. ಆಗ ವಾಲ್ಯೂಮ್ ಏರಿಸುತ್ತೀರಿ, ಕಿವಿ ನೋಯುತ್ತದೆ, 'ವೀಣೆ ಬೋರು' ಎಂಬ ತೀರ್ಮಾನಕ್ಕೆ ಬರುತ್ತೀರಿ. ಡ್ರಮ್ಸು, ಸ್ಯಾಕ್ಸು, ಜೋರು ದನಿಯ ಜಾನಪದ ಇದ್ದರೆ ರೈಲು. ವೀಣೆ, ಪಿಯಾನೊ, ಆಲಾಪ ಇದ್ದರೆ ರಾತ್ರಿ ಒಂಬತ್ತರ ಮೇಲೆ ಮನೆಯಲ್ಲಿ, ಫ್ಯಾನ್ ಕಡಿಮೆ ಮಾಡಿಕೊಂಡು.

ಫೋನನ್ನು ಮೊದಲು ಸರಿಮಾಡಿ

ಐದು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ.

ಶಫಲ್ ತೆಗೆಯಿರಿ. ಆಲ್ಬಂ ಮಾಡಿದವರು ಯಾವ ಹಾಡಿನ ಮೇಲೆ ಯಾವುದು ಬರಬೇಕೆಂದು ಕೂತು ಯೋಚಿಸಿರುತ್ತಾರೆ. ಉಚಿತ ಖಾತೆಯಲ್ಲಿ ಶಫಲ್ ತೆಗೆಯಲು ಬಿಡದಿದ್ದರೆ ಆ ಆಲ್ಬಂ ಮಟ್ಟಿಗೆ ಬೇರೆ ಕಡೆ ಹೋಗಿ, ಯೂಟ್ಯೂಬಿನಲ್ಲಿ ಪೂರ್ತಿ ಆಲ್ಬಂ ಪಟ್ಟಿಯಾಗಿ ಸಿಗುತ್ತದೆಯೇ ನೋಡಿ.

ಆಟೋಪ್ಲೇ ತೆಗೆಯಿರಿ. ಆಲ್ಬಂ ಮುಗಿದ ತಕ್ಷಣ ಆ್ಯಪ್ ತನಗೆ ತೋಚಿದ ಹಾಡು ಹಾಕುತ್ತದೆ. ಕೊನೆಯ ಹಾಡಿನ ನಂತರದ ಆ ಒಂದು ನಿಮಿಷದ ಮೌನದಲ್ಲೇ ಆಲ್ಬಂ ಹಿಡಿಸಿತೋ ಇಲ್ಲವೋ ಗೊತ್ತಾಗುವುದು.

ಕ್ರಾಸ್‌ಫೇಡ್ ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಒಂದರ ಕೊನೆ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಆಲಾಪದಿಂದ ಕೃತಿಗೆ ಬರುವ ಜಾಗದಲ್ಲಿ ಇದು ಕೆಟ್ಟದಾಗಿ ಕೇಳಿಸುತ್ತದೆ.

ಗುಣಮಟ್ಟದ ಲೆಕ್ಕ ಹೀಗೆ: 320 ಕೆಬಿಪಿಎಸ್‌ನಲ್ಲಿ ಒಂದು ಗಂಟೆಗೆ 144 ಎಂಬಿ, 160ರಲ್ಲಿ 72 ಎಂಬಿ, 96ರಲ್ಲಿ ಸುಮಾರು 43 ಎಂಬಿ. 160 ಸಾಕು. ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೊರಡಿ. ದಾರಿಯಲ್ಲಿ ನೆಟ್‌ವರ್ಕ್ ಬಿದ್ದಾಗ ಆ್ಯಪ್ ಸದ್ದಿಲ್ಲದೆ ಗುಣಮಟ್ಟ ಇಳಿಸಿಬಿಡುತ್ತದೆ, ತಾಳದ ಸದ್ದು ತಗಡು ಬಡಿದ ಹಾಗಾದರೆ ಕಾರಣ ಅದೇ.

ಬೇರು ಆಲ್ಬಂ ಆರಿಸುವುದು

ಹುಡುಕಾಟಕ್ಕೆ ಒಂದು ಬೇರು ಬೇಕು. ಅದು ಅಪರೂಪದ್ದಾಗಿರಬೇಕಿಲ್ಲ, ಹೆಸರಾದದ್ದೇ ಇರಲಿ. ಎರಡೇ ಷರತ್ತು: ನಿಮಗೆ ನಿಜವಾಗಿ ಇಷ್ಟವಾಗಿರಬೇಕು, ಅದು ಆಲ್ಬಂ ಆಗಿಯೇ ಹೊರಬಂದಿರಬೇಕು. 'ಅತ್ಯುತ್ತಮ ಐವತ್ತು' ಎಂಬಂಥ ಸಂಕಲನ ಬೇಡ. ಸಂಕಲನದಲ್ಲಿ ಹತ್ತು ಕಡೆಯ ಹಾಡು ಇರುತ್ತದೆ, ಹಿಂಬದಿಯಲ್ಲಿ ಯಾರ ಹೆಸರೂ ಇರುವುದಿಲ್ಲ, ದಾರಿ ಅಲ್ಲೇ ಮುಗಿಯುತ್ತದೆ.

ಮೈಸೂರು–ಮಂಡ್ಯ ಕಡೆಯವರಿಗೆ ಸಲೀಸಾಗುವ ಬೇರುಗಳು ಹಲವಿವೆ. ಭಾವಗೀತೆ ಹಿಡಿಸುತ್ತದೆ ಎಂದಾದರೆ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ 'ನಿತ್ಯೋತ್ಸವ'. 1978ರದು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದದ್ದು. ಬ್ಯಾಂಡ್ ಸಂಗೀತ ಬೇಕೆಂದರೆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ 2008ರ ಮೊದಲ ಆಲ್ಬಂ. ವಾದ್ಯ ಸಂಗೀತವೇ ಬೇಕೆಂದರೆ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಅವರು ಮೈಸೂರು ಅರಮನೆಯ ವಿದ್ವಾಂಸರಾಗಿದ್ದವರು, ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರು.

ಒಂದನ್ನು ಆರಿಸಿ ಮೂರು ಸಲ ಕೇಳಿ. ಒಂದೇ ದಿನ ಮೂರು ಸಲ ಅಲ್ಲ. ಇವತ್ತೊಂದು, ನಾಡಿದ್ದೊಂದು, ಮುಂದಿನ ವಾರ ಒಂದು. ಮೊದಲ ಸಲ ಸುಮ್ಮನೆ. ಎರಡನೇ ಸಲ ಮುಖ್ಯ ದನಿ ಬಿಟ್ಟು ಹಿಂದಿನ ಒಂದು ವಾದ್ಯದ ಬೆನ್ನು ಹತ್ತಿ. ಉದಾಹರಣೆಗೆ ಕೊಳಲು ಅಂದುಕೊಳ್ಳಿ: ಅದು ಎಲ್ಲಿ ಬರುತ್ತದೆ, ಪಲ್ಲವಿ ಮುಗಿದ ಮೇಲೆ ಎಷ್ಟು ಹೊತ್ತು ನುಡಿಯುತ್ತದೆ, ಯಾವಾಗ ಸುಮ್ಮನಾಗುತ್ತದೆ. ಮೂರನೇ ಸಲ ಕೇಳುವ ಹೊತ್ತಿಗೆ ಆ ಕೊಳಲು ನುಡಿಸಿದವರು ಯಾರು ಎಂಬ ಕುತೂಹಲ ತಾನಾಗಿ ಬಂದಿರುತ್ತದೆ. ಬರದಿದ್ದರೆ ಬೇರು ಬದಲಾಯಿಸಿ. ಕುತೂಹಲವಿಲ್ಲದೆ ಮುಂದಿನ ಹೆಜ್ಜೆ ಇಟ್ಟರೆ ಅದು ಪರೀಕ್ಷೆಗೆ ಓದಿದ ಹಾಗಾಗುತ್ತದೆ.

ಸಣ್ಣಕ್ಷರದ ಹೆಸರುಗಳು

ಕ್ಯಾಸೆಟ್ ಡಬ್ಬಿಯೊಳಗಿನ ಕಾಗದ ನೋಡಿದ್ದೀರಾ? ಎರಡು ಮೂರು ಮಡಿಕೆ. ಮುಂದೆ ಕವಿಯ ಹೆಸರು, ಗಾಯಕರ ಫೋಟೋ. ಬೆನ್ನಿನ ಅರ್ಧ ಇಂಚಿನಲ್ಲಿ ಶೀರ್ಷಿಕೆ, ನಂಬರು. ಒಳಗೆ ಬಿಡಿಸಿದರೆ 'ಬದಿ ಎ', 'ಬದಿ ಬಿ' ಹಾಡುಗಳ ಪಟ್ಟಿ. ಅದರ ಕೆಳಗೆ, ಭೂತಗನ್ನಡಿ ಬೇಕಾಗುವಷ್ಟು ಚಿಕ್ಕದಾಗಿ: ರಾಗ ಸಂಯೋಜನೆ, ವಾದ್ಯ ಸಂಯೋಜನೆ, ತಬಲ, ಕೊಳಲು, ಸಿತಾರ್, ರಿದಂ ಪ್ಯಾಡ್, ಧ್ವನಿಮುದ್ರಣ. ಕೊನೆಯ ಆ ನಾಲ್ಕು ಸಾಲೇ ನಿಮ್ಮ ಗಂಟು. ರಾಗ ಸಂಯೋಜನೆ ಮಾಡಿದವರನ್ನು ಎಲ್ಲರೂ ಗುರುತಿಸುತ್ತಾರೆ. ವಾದ್ಯ ಸಂಯೋಜನೆ ಮಾಡಿದವರನ್ನು ಯಾರೂ ನೋಡುವುದಿಲ್ಲ. ಹಾಡು ಶುರುವಾಗುವ ಮೊದಲಿನ ಪೀಠಿಕೆ, ಚರಣಗಳ ನಡುವಿನ ತುಂಡು, ಎಲ್ಲಿ ಪಿಟೀಲು ಎಲ್ಲಿ ಮ್ಯಾಂಡೊಲಿನ್, ಇವೆಲ್ಲ ಅವರದೇ ಕೈಕೆಲಸ. ಆ ಹೆಸರು ಹಿಡಿದು ಹೋದರೆ, ಗಾಯಕರ ಹೆಸರೇ ಕೇಳಿರದ ಕ್ಯಾಸೆಟ್ಟುಗಳಲ್ಲೂ ನಿಮಗೆ ಹಿಡಿಸಿದ ಅದೇ ರುಚಿ ಸಿಗುತ್ತದೆ.

ಕವಿಯ ದಾರಿಯೂ ಇದೆ. ಮಂಡ್ಯ ಜಿಲ್ಲೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಅಚ್ಚಾದದ್ದು 1942ರಲ್ಲಿ. ಅದರ ಕವಿತೆಗಳನ್ನು ಬೇರೆ ಬೇರೆಯವರು ಬೇರೆ ಬೇರೆ ಧಾಟಿಯಲ್ಲಿ ಹಾಡಿದ್ದಾರೆ. ಒಂದೇ ಕವಿತೆಯ ಮೂರು ಧಾಟಿಯನ್ನು ಒಂದರ ಹಿಂದೊಂದು ಕೇಳಿ. ಒಬ್ಬರು ಅದನ್ನು ತುಂಟತನ ಎಂದುಕೊಂಡಿರುತ್ತಾರೆ, ಇನ್ನೊಬ್ಬರು ಅಗಲಿಕೆ ಎಂದು. ನಿಮಗೆ ಯಾರ ಓದು ಹಿಡಿಸಿತೋ ಅವರ ಬೇರೆ ಆಲ್ಬಂ ಹುಡುಕಿ.

ಈಗ ಒಂದು ಸರಪಣಿ ಪೂರ್ತಿಯಾಗಿ ನೋಡೋಣ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅವರ ಕಚೇರಿಯ ಧ್ವನಿಮುದ್ರಣಗಳು ಬೇಕಾದಷ್ಟಿವೆ, ಎಲ್ಲರಿಗೂ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು 2008ರ 'ಕಿನ್ಸ್‌ಮೆನ್'. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗೆ ಮಾಡಿದ್ದು, ಪೈ ರೆಕಾರ್ಡಿಂಗ್ಸ್ ಹೊರತಂದಿತು. ಎರಡೂ ಆಲ್ಟೊ ಸ್ಯಾಕ್ಸೋಫೋನೇ ಆದ್ದರಿಂದ ಮೊದಲ ಸಲ ಯಾರು ಯಾರೆಂದು ತಿಳಿಯದೆ ತಬ್ಬಿಬ್ಬಾಗುವುದು ಸಹಜ. ಗುರುತು ಹಿಡಿಯುವ ಉಪಾಯ ಸುಲಭ: ಸ್ವರದಿಂದ ಸ್ವರಕ್ಕೆ ಜಾರಿಕೊಂಡು, ತೂಗಿಕೊಂಡು ಹೋಗುವುದು ಕದ್ರಿಯವರದು, ಸ್ವರಗಳನ್ನು ಚೂಪಾಗಿ ಬಿಡಿಬಿಡಿಯಾಗಿ ಎಸೆಯುವುದು ಮಹಂತಪ್ಪನವರದು. ನಡುನಡುವೆ ಒಬ್ಬೊಬ್ಬರೇ ನುಡಿಸುವ ಪುಟ್ಟ ಆಲಾಪಗಳಿವೆ, ಮೊದಲು ಅವನ್ನು ಕೇಳಿಕೊಂಡರೆ ಉಳಿದದ್ದು ಸಲೀಸು.

ಹಿಂಬದಿಯ ಹೆಸರು: ಗಿಟಾರ್ ರೆಝ್ ಅಬ್ಬಾಸಿ, ಪಿಟೀಲು ಎ. ಕನ್ಯಾಕುಮಾರಿ, ಮೃದಂಗ ಪೂವಲೂರ್ ಶ್ರೀಜಿ. ಇಲ್ಲಿಂದ ದಾರಿ ಕವಲೊಡೆಯುತ್ತದೆ.

ಗಿಟಾರಿನ ಕವಲು ಹಿಡಿದರೆ ಅದೇ 2008ರ 'ಆಪ್ಟಿ'. ಮಹಂತಪ್ಪ, ಅಬ್ಬಾಸಿ, ತಬಲಕ್ಕೆ ಡ್ಯಾನ್ ವೈಸ್, ಮೂರೇ ಜನ. ಜನ ಕಡಿಮೆಯಾದಷ್ಟೂ ಹೊಸ ಕಿವಿಗೆ ಸುಲಭ. ಯಾರು ಏನು ಮಾಡುತ್ತಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಮಹಂತಪ್ಪನವರದ್ದೇ ಇನ್ನೊಂದು ಕವಲು, ಪಿಯಾನೊ ವಾದಕ ವಿಜಯ್ ಅಯ್ಯರ್ ಜೊತೆಗಿನ 2006ರ 'ರಾ ಮೆಟೀರಿಯಲ್ಸ್'. ಅಲ್ಲಿ ಇಬ್ಬರೇ.

ಪಿಟೀಲಿನ ಕವಲು ಹಿಡಿದರೆ ನಮ್ಮ ಕಡೆಗೇ ಬರುತ್ತೀರಿ. ಕನ್ಯಾಕುಮಾರಿಯವರು ಎಂ.ಎಲ್. ವಸಂತಕುಮಾರಿಯವರಿಗೆ ವರ್ಷಗಟ್ಟಲೆ ಪಕ್ಕವಾದ್ಯ ನುಡಿಸಿದವರು. ಎಂಎಲ್‌ವಿ ಅವರ ಕಚೇರಿಗೆ ಬಂದಿರೆಂದರೆ ಪುರಂದರದಾಸರ ದೇವರನಾಮಗಳಿಗೆ ಬಂದ ಹಾಗೆ, ಅವಕ್ಕೆ ಅವರು ಅಷ್ಟು ಹೆಸರಾದವರು. ಜಾಝ್ ಆಲ್ಬಂನಿಂದ ಹೊರಟು ಮೂರೇ ಹೆಜ್ಜೆಗೆ ದೇವರನಾಮಕ್ಕೆ ಬಂದು ಮುಟ್ಟುವ ಈ ಹಾದಿಯನ್ನು ಯಾವ ಆ್ಯಪೂ ತಾನಾಗಿ ತೋರಿಸಲಾರದು. ಅದರ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಡಬ್ಬಿ.

ಹಿಂಬದಿ ಕೈಯಲ್ಲಿಲ್ಲದಿದ್ದರೆ ಡಿಸ್ಕಾಗ್ಸ್ ಎಂಬ ಜಾಲತಾಣ ನೋಡಿ. ಆಲ್ಬಂ ಹೆಸರು ಹೊಡೆದರೆ ಕವರಿನ ಎರಡೂ ಬದಿಯ ಫೋಟೋ, ವಾದ್ಯದವರ ಪಟ್ಟಿ, ಲೇಬಲ್ (ಅಂದರೆ ಹೊರತಂದ ಕಂಪನಿ), ನಂಬರು ಸಿಗುತ್ತವೆ. ಹೆಸರಿನ ಮೇಲೆ ಒತ್ತಿದರೆ ಅವರು ಇನ್ನೆಲ್ಲೆಲ್ಲಿ ನುಡಿಸಿದ್ದಾರೆಂಬ ಪಟ್ಟಿ ತೆರೆಯುತ್ತದೆ. ಮ್ಯೂಸಿಕ್‌ಬ್ರೇನ್ಸ್ ಕೂಡ ಇದೇ ಕೆಲಸ ಮಾಡುತ್ತದೆ. ಜಾಝಿಗೆ, ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಎರಡೂ ಚೆನ್ನ. ಕನ್ನಡ ಕ್ಯಾಸೆಟ್ಟುಗಳ ವಿಷಯದಲ್ಲಿ ಎರಡೂ ಬಡವೇ. ಅಲ್ಲಿ ಯಾರಾದರೂ ಹಾಕಿದ ಯೂಟ್ಯೂಬ್ ವಿಡಿಯೋದ ಕೆಳಗಿನ ವಿವರಣೆ, ಇಲ್ಲವೇ ನಿಜವಾದ ಕಾಗದವೇ ಗತಿ.

ಎಲ್ಲಿ ಎಡವುತ್ತೀರಿ

ಮೊದಲ ಗುಂಡಿ, ಇಸವಿ. ಆ್ಯಪ್‌ನಲ್ಲಿ ಹಳೆಯ ಕ್ಯಾಸೆಟ್ಟಿನ ಮುಂದೆ 2012, 2016 ಎಂದೆಲ್ಲ ಇರುತ್ತದೆ. ಅದು ಹಲವು ಸಲ ಅದನ್ನು ಡಿಜಿಟಲ್ ಮಾಡಿ ಹಾಕಿದ ವರ್ಷ. ಅದನ್ನು ನಂಬಿ 'ಇದು ಅವರ ಕೊನೆಗಾಲದ್ದು' ಎಂದೆಲ್ಲ ಲೆಕ್ಕ ಹಾಕಬೇಡಿ.

ಎರಡನೆಯದು, ಕಾಗುಣಿತ. ಇದರಷ್ಟು ಹೊತ್ತು ತಿನ್ನುವುದು ಇನ್ನೊಂದಿಲ್ಲ. ಕನ್ನಡದಲ್ಲಿ ಚೌಡಯ್ಯ ಒಂದೇ. ಇಂಗ್ಲಿಷಿನಲ್ಲಿ ಕೊನೆಗೆ 'ಐಎಎಚ್' ಇದ್ದದ್ದು, ಅದರ ಹಿಂದೆ ಇನ್ನೊಂದು 'ಎ' ಸೇರಿದ್ದು, ಎರಡೂ ಸಿಗುತ್ತವೆ. ದೊರೆಸ್ವಾಮಿ ಎಂಬಲ್ಲಿ 'ರೆ'ಗೆ 'ಆರ್‌ಇ' ಬರೆದವರೂ ಇದ್ದಾರೆ, 'ಆರ್‌ಎಐ' ಬರೆದವರೂ ಇದ್ದಾರೆ. ಕೊನೆಗೆ ಕೆಲವರು 'ವೈ', ಕೆಲವರು 'ಐ'. ವೀಣೆ ತಮಿಳುನಾಡಿನ ಲೇಬಲ್ಲಿನಲ್ಲಿ ಕೊನೆಗೆ 'ಎಐ' ಹಾಕಿಕೊಂಡಿರುತ್ತದೆ. ಹೆಸರಿನ ಜೊತೆ ಊರು ಸೇರಿಸಿದ್ದರೆ ಹಳೆಯ ಬಗೆಯಲ್ಲೂ ಹೊಸ ಬಗೆಯಲ್ಲೂ, ಅಂದರೆ ಮೈಸೂರು ಕೊನೆಗೆ 'ಓಆರ್‌ಇ' ಇರುವಂತೆಯೂ 'ಯುಆರ್‌ಯು' ಇರುವಂತೆಯೂ ಹೊಡೆದು ನೋಡಿ. ಕನ್ನಡ ಲಿಪಿಯಲ್ಲೂ ಒಮ್ಮೆ. ಒಂದು ಹೆಸರಿಗೆ ಕನಿಷ್ಠ ನಾಲ್ಕು ಬಗೆ ಪ್ರಯತ್ನಿಸಿದ ಮೇಲೆಯೇ 'ಇಲ್ಲ' ಅನ್ನಿ.

ಮೂರನೆಯದು, ಒಡೆದ ಆಲ್ಬಂ. ಎಂಟು ಹಾಡಿನ ಕ್ಯಾಸೆಟ್ಟನ್ನು ಎಂಟು ಸಿಂಗಲ್ ಮಾಡಿ ಹಾಕಿರುತ್ತಾರೆ, ಇಲ್ಲವೇ ಎರಡು ಕ್ಯಾಸೆಟ್ ಸೇರಿಸಿ ಹೊಸ ಹೆಸರಿಟ್ಟಿರುತ್ತಾರೆ. ಮೂಲದ ಹಾಡುಪಟ್ಟಿ ಹುಡುಕಿ, ಅದೇ ಕ್ರಮದಲ್ಲಿ ನೀವೇ ಒಂದು ಪ್ಲೇಲಿಸ್ಟ್ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ, ಬೇಸರಪಡಬೇಡಿ.

ನಾಲ್ಕನೆಯದು ಜಾನಪದದಲ್ಲಿ ಬರುತ್ತದೆ, ಸ್ವಲ್ಪ ಬಿಡಿಸಿಯೇ ಹೇಳಬೇಕು. ಮೈಸೂರು–ಮಂಡ್ಯ ಕಡೆಯವರಿಗೆ ಕೈಯಳತೆಯಲ್ಲಿರುವ ದೊಡ್ಡ ಖಜಾನೆ ಮಂಟೇಸ್ವಾಮಿ ಕಾವ್ಯ, ಮಲೆ ಮಾದೇಶ್ವರ ಕಾವ್ಯ. ಮೊದಲನೆಯದನ್ನು ನೀಲಗಾರರು ತಂಬೂರಿ, ಡಕ್ಕೆ, ಗಗ್ಗರದ ಜೊತೆ ಹಾಡುತ್ತಾರೆ. ಎರಡನೆಯದನ್ನು ದೇವರ ಗುಡ್ಡರು ಕಂಸಾಳೆ ಹಿಡಿದು. ಇವು ರಾತ್ರಿಯಿಡೀ ನಡೆಯುವ ಕಥೆಗಳು. ಕ್ಯಾಸೆಟ್ ಕಾಲದಲ್ಲಿ ಅವನ್ನು ಬದಿಗೆ ಅರ್ಧ ಗಂಟೆಯಂತೆ ಕತ್ತರಿಸಿ ಭಾಗ 1, ಭಾಗ 2 ಎಂದು ಮಾರಿದರು. ಈಗ ಆನ್‌ಲೈನಿನಲ್ಲಿ ಸಿಗುವುದು ಅವುಗಳ ಚೂರುಚೂರು: ಭಾಗ 3 ಇರುತ್ತದೆ, 2 ಇರುವುದಿಲ್ಲ, ಒಬ್ಬ ಹಾಡುಗಾರರ ಭಾಗ 1ರ ಮುಂದೆ ಇನ್ನೊಬ್ಬರ ಭಾಗ 2 ಅಂಟಿಸಿರುತ್ತಾರೆ. ಆದ್ದರಿಂದ 'ಪೂರ್ತಿ ಕಾವ್ಯ' ಹುಡುಕಲು ಹೋಗಬೇಡಿ. ಕಾವ್ಯ 'ಸಾಲು'ಗಳಾಗಿ ಹಂಚಿಕೊಂಡಿದೆ, ಒಂದು ಸಾಲು ಒಂದು ಕಥೆ. ಸಾಲಿನ ಹೆಸರಿನಿಂದ ಹುಡುಕಿ. ಮಾದಪ್ಪನ ಕಥೆಯಲ್ಲಿ ಸಂಕವ್ವನ ಸಾಲಿನಿಂದ ಶುರುಮಾಡುವುದು ಒಳ್ಳೆಯದು, ಕಥೆ ಗೊತ್ತಿಲ್ಲದವರನ್ನೂ ಹಿಡಿದು ಕೂರಿಸುತ್ತದೆ. ಆಮೇಲೆ ಬೇವಿನಹಟ್ಟಿ ಕಾಳಮ್ಮನ ಸಾಲು. ಶುರುವಿನ ಸ್ತುತಿ ದಾಟಿಸಿಬಿಡುವ ಆಸೆ ಆಗುತ್ತದೆ, ದಾಟಿಸಬೇಡಿ. ಹಾಡುಗಾರರ ದನಿಗೂ ಹಿಮ್ಮೇಳಕ್ಕೂ ಹೊಂದಾಣಿಕೆ ಕೂಡುವುದು ಅಲ್ಲೇ, ನಿಮ್ಮ ಕಿವಿಯೂ ಅಲ್ಲೇ ಹದಕ್ಕೆ ಬರುತ್ತದೆ. ಆಗಾಗ ಹಾಡು ನಿಂತು ಮಾತು ಶುರುವಾದರೆ ಗಾಬರಿ ಬೇಡ, ಕಥೆ ನಡೆಯುವುದೇ ಹಾಗೆ. ಸಾಧ್ಯವಾದರೆ ಒಮ್ಮೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನ ಬನದ ಹುಣ್ಣಿಮೆ ಜಾತ್ರೆಗೆ ಹೋಗಿಬನ್ನಿ. ಎದುರಿಗೆ ಕೇಳಿದ ಮೇಲೆ ಧ್ವನಿಮುದ್ರಣದಲ್ಲಿ ಏನು ಕಳೆದುಹೋಗಿದೆ ಎಂಬುದು ಗೊತ್ತಾಗಿ, ಅದನ್ನು ಮನಸ್ಸಿನಲ್ಲೇ ತುಂಬಿಕೊಂಡು ಕೇಳುತ್ತೀರಿ.

ಲೇಬಲ್ ಹಿಡಿದು ಹೋಗುವುದು

ಹೆಸರಿನ ದಾರಿ ಬತ್ತಿದಾಗ ಲೇಬಲ್ ಹಿಡಿಯಿರಿ. ಕೆಲವು ಲೇಬಲ್ಲುಗಳಿಗೆ ಸ್ಪಷ್ಟ ರುಚಿ ಇರುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1969ರಲ್ಲಿ ಶುರುವಾದ ಇಸಿಎಂ ಅಂಥದ್ದು: ತಿಳಿಯಾದ ಸದ್ದು, ಸ್ವರಗಳ ನಡುವೆ ಧಾರಾಳ ಜಾಗ. ಜಾಕಿರ್ ಹುಸೇನರ 1987ರ 'ಮೇಕಿಂಗ್ ಮ್ಯೂಸಿಕ್' ಅದರದೇ. ಹರಿಪ್ರಸಾದ್ ಚೌರಾಸಿಯಾ, ಜಾನ್ ಮೆಕ್ಲಾಫ್ಲಿನ್, ಯಾನ್ ಗಾರ್ಬಾರೆಕ್ ಜೊತೆಗಿದ್ದಾರೆ. ಕರ್ನಾಟಕ ಸಂಗೀತಕ್ಕೆ ಚೆನ್ನೈನ ಚಾರ್ಸುರ್, ನೇರ ಕಚೇರಿಗಳ ಧ್ವನಿಮುದ್ರಣಕ್ಕೆ ಹೆಸರಾದದ್ದು. ಆಕಾಶವಾಣಿ ತನ್ನ ಭಂಡಾರದಿಂದ 'ಆಕಾಶವಾಣಿ ಸಂಗೀತ್' ಹೆಸರಿನಲ್ಲಿ ಸಿಡಿಗಳನ್ನು ತಂದಿದೆ. ಕ್ಯಾಸೆಟ್ ಯುಗದ ನಮ್ಮ ದೊಡ್ಡ ಲೇಬಲ್ಲುಗಳಲ್ಲಿ ಭಕ್ತಿಗೀತೆ, ಹಾಸ್ಯ, ಸಿನಿಮಾ, ಭಾವಗೀತೆ ಎಲ್ಲ ಒಟ್ಟಿಗೇ ಇರುವುದರಿಂದ ಲೇಬಲ್ ದಾರಿ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಹಳೆಯ ಎಚ್‌ಎಂವಿ ಎಲ್‌ಪಿ ಆದರೆ ನಂಬರಿನ ಮುಂದಿನ ಅಕ್ಷರ ನೋಡಿ: 'ಇಸಿಎಲ್‌ಪಿ' ಮೋನೋ, 'ಇಸಿಎಸ್‌ಡಿ' ಸ್ಟೀರಿಯೋ. ಆ ನಂಬರನ್ನೇ ಹೊಡೆದು ಹುಡುಕಿದರೆ ಕಾಗುಣಿತದ ತಂಟೆಯೇ ಇಲ್ಲ.

ಅರಮನೆಯ ದುಡ್ಡಿನಲ್ಲಿ ಬಂದ ಪಿಯಾನೊ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ದೂರದ್ದೆನಿಸಿದರೆ ಮೈಸೂರಿನಿಂದಲೇ ಒಳಗೆ ಹೋಗುವ ಬಾಗಿಲು ಒಂದಿದೆ. ಜಯಚಾಮರಾಜ ಒಡೆಯರಿಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕರ ಸಂಗೀತ ಬಹಳ ಹಿಡಿಸಿತ್ತು. ಆ ಹೊತ್ತಿಗೆ ಮೆಟ್ನರ್ ಇಂಗ್ಲೆಂಡಿನಲ್ಲಿ ನೆಲೆಸಿದ್ದರು, ವಯಸ್ಸಾಗಿತ್ತು, ಜನ ಹೆಚ್ಚು ಕಡಿಮೆ ಮರೆತಿದ್ದರು. ಒಡೆಯರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿ, ಎಚ್‌ಎಂವಿ ಮೂಲಕ ಮೆಟ್ನರರ ಕೃತಿಗಳನ್ನು ಮೆಟ್ನರರ ಕೈಯಲ್ಲೇ ನುಡಿಸಿ 78ರ ತಟ್ಟೆಗಳಲ್ಲಿ ಹಿಡಿಸಿದರು. ಮೊದಲು ಹೇಳಿದ ರಟ್ಟಿನ ಪುಸ್ತಕದಂಥ ಆಲ್ಬಂ ಮೂರು ಸಂಪುಟ ಬಂದವು. ಮೂರನೆಯ ಪಿಯಾನೊ ಕನ್ಚರ್ಟೊ (ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸುವ ಕೃತಿ) ಮೈಸೂರು ಮಹಾರಾಜರಿಗೇ ಅರ್ಪಣೆ. ಮೆಟ್ನರ್ ತೀರಿಕೊಂಡದ್ದು 1951ರಲ್ಲಿ. ಈ ತಟ್ಟೆಗಳಾಗದೆ ಹೋಗಿದ್ದರೆ ಆ ದೊಡ್ಡ ಕೃತಿಗಳು ಅವರದೇ ಬೆರಳಿನಲ್ಲಿ ಉಳಿಯುತ್ತಿದ್ದವೋ ಇಲ್ಲವೋ.

ಹುಡುಕುವಾಗ ಒಂದು ತೊಡಕಿದೆ. ಆ್ಯಪ್‌ನಲ್ಲಿ 'ಮೆಟ್ನರ್' ಹೊಡೆದರೆ ಬೇರೆಯವರು ನುಡಿಸಿದ ನೂರಾರು ಬರುತ್ತವೆ, ಏಕೆಂದರೆ ಈ ಸಂಗೀತದಲ್ಲಿ ಸಂಯೋಜಕರ ಹೆಸರೂ ವಾದಕರ ಹೆಸರೂ ಒಂದೇ ಸಾಲಿನಲ್ಲಿ ಕಲಸಿಹೋಗಿರುತ್ತವೆ. ನಿಮಗೆ ಬೇಕಾದದ್ದು ವಾದಕರ ಜಾಗದಲ್ಲೂ ಮೆಟ್ನರ್ ಇರುವುದು. ಮೂರನೆಯ ಕನ್ಚರ್ಟೊಗೆ ನಿರ್ದೇಶಕ ಇಸ್ಸಾಯ್ ಡೊಬ್ರೊವೆನ್, ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, 1947 ಎಂದು ಸೇರಿಸಿ ಹುಡುಕಿ. ಸಿಡಿಯಾಗಿಯೂ ಮರುಪ್ರಕಟವಾಗಿದೆ. ಹಳೆಯ ತಟ್ಟೆಯ ಚರಚರ ಸದ್ದು ಮೊದಲ ಐದಾರು ನಿಮಿಷ ಕಿವಿಗೆ ಹೊಡೆಯುತ್ತದೆ, ಆಮೇಲೆ ಮಳೆಯ ಸದ್ದಿನ ಹಾಗೆ ಹಿಂದೆ ಸರಿಯುತ್ತದೆ. ಅಷ್ಟರೊಳಗೆ ನಿಲ್ಲಿಸಬೇಡಿ.

ರೇಡಿಯೋ, ಸಭೆ, ಗುಜರಿ

ಮೈಸೂರು ಆಕಾಶವಾಣಿಯ ಕಥೆ ಶುರುವಾದದ್ದು 1935ರ ಸೆಪ್ಟೆಂಬರ್ 10ರಂದು, ಒಂಟಿಕೊಪ್ಪಲಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ. ಇವತ್ತಿಗೂ ಎಫ್‌ಎಂ 100.6ರಲ್ಲಿ ಅದನ್ನು ಹುಡುಕಾಟಕ್ಕೆ ಬಳಸಬಹುದು. ಉದ್ಘೋಷಕರು ಹೆಸರು, ರಾಗ, ಪಕ್ಕವಾದ್ಯ ಎಲ್ಲ ಬಿಡದೆ ಹೇಳುತ್ತಾರೆ, ಆ್ಯಪ್ ಹೇಳುವುದಿಲ್ಲ. ಪೆನ್ನು ಹತ್ತಿರವಿರಲಿ. ಹೆಸರು ತಪ್ಪಿದರೆ ಸಮಯ, ರಾಗ ಅಷ್ಟಾದರೂ ಬರೆದುಕೊಳ್ಳಿ.

ಕುವೆಂಪುನಗರದ ಗಾನಭಾರತೀ, ಒಂಟಿಕೊಪ್ಪಲು ಎಂಟನೇ ಕ್ರಾಸಿನ ಗಣೇಶೋತ್ಸವ, ದಸರೆಯ ಅರಮನೆ ಕಚೇರಿ ಇವುಗಳಿಗೆ ಹೋದಾಗ ಆಹ್ವಾನ ಪತ್ರಿಕೆಯನ್ನು ಬಿಸಾಡಬೇಡಿ. ಪಕ್ಕವಾದ್ಯದವರ ಹೆಸರು ಸರಿಯಾದ ಕಾಗುಣಿತದಲ್ಲಿ ಅಚ್ಚಾಗಿ ಸಿಗುವುದು ಅಲ್ಲೇ.

ಹಳೆಯ ಕ್ಯಾಸೆಟ್, ತಟ್ಟೆ ಕೊಳ್ಳುವವರಿಗೆ ನಾಲ್ಕು ಮಾತು. ಕ್ಯಾಸೆಟ್ಟಿನ ಬಾಯಲ್ಲಿ ತಾಮ್ರದ ಪಟ್ಟಿಯ ಮೇಲೆ ಚಿಕ್ಕ ಮೆತ್ತೆ ಇದೆಯೇ ನೋಡಿ. ಅದು ಉದುರಿದ್ದರೆ ಸದ್ದು ಮಂಕಾಗಿ ತೇಲುತ್ತದೆ. ಬಹಳ ಕಾಲ ಹಾಕದೆ ಇಟ್ಟದ್ದನ್ನು ಮೊದಲು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ಎಲ್‌ಪಿಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ: ಕಣ್ಣಿಗೆ ಕಾಣುವ ಗೀರು ಪರವಾಗಿಲ್ಲ, ಉಗುರಿಗೆ ತಗಲುವ ಗೀರಿದ್ದರೆ ಬಿಡಿ. 78ರ ತಟ್ಟೆಗೆ ಎಲ್‌ಪಿ ಸೂಜಿ ಆಗುವುದಿಲ್ಲ, ಈ ತಟ್ಟೆಯಲ್ಲಿ ಕೊರೆದ ಗೆರೆ ಅಗಲ. ಅದನ್ನು ಸ್ಪಿರಿಟ್ ಹಾಕಿ ಒರೆಸಲೂಬೇಡಿ, ಅರಗಿನ ತಟ್ಟೆ ಕರಗುತ್ತದೆ. ಪ್ಲೇಯರ್ ಇಲ್ಲದೆ ತಟ್ಟೆ ಕೊಂಡು ಗೋಡೆಗೆ ನೇತುಹಾಕುವ ಶೋಕಿ ಈಚೆಗೆ ಶುರುವಾಗಿದೆ. ಹಾಗೆ ಮಾಡುವವರು ಕವರನ್ನಾದರೂ ಓದಲಿ.

ಹೊಸ ಕಾಲದ ಸಣ್ಣ ಕಲಾವಿದರಿಗೆ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣ ಒಳ್ಳೆಯ ಜಾಗ. ಅಲ್ಲಿ ಸಾಮಾನ್ಯವಾಗಿ ಮೊದಲು ಕೇಳಿ ಆಮೇಲೆ ಕೊಳ್ಳಬಹುದು, ದುಡ್ಡಿನ ಬಹುಪಾಲು ಕಲಾವಿದರಿಗೇ ಹೋಗುತ್ತದೆ. ಪಾವತಿ ಬಿದ್ದುಹೋದರೆ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಆನ್ ಆಗಿದೆಯೇ ನೋಡಿ, ಸಾಮಾನ್ಯವಾಗಿ ಆಫ್ ಇರುತ್ತದೆ. ಕೊಂಡ ಮೇಲೆ ಕೆಲಸ ಮುಗಿದ ತಕ್ಷಣ ಮತ್ತೆ ಆಫ್ ಮಾಡಿ.

ನೋಟ್‌ಬುಕ್ಕು

ವಾರಕ್ಕೆ ಒಂದೇ ಹೊಸ ಆಲ್ಬಂ. ಎರಡಾದರೆ ಎರಡೂ ಅರ್ಧಂಬರ್ಧ. ಮೂರು ಸಲ ಕೇಳಿದ ಮೇಲೂ ಏನೂ ಆಗದಿದ್ದರೆ ಅಳಿಸಬೇಡಿ. ಆರು ತಿಂಗಳ ಮುಂದಿನ ತಾರೀಖು ಬರೆದು ಪಕ್ಕಕ್ಕಿಡಿ. ನಾಲ್ಕರಲ್ಲಿ ಒಂದು ಉಳಿದರೂ ವರ್ಷಕ್ಕೆ ಹನ್ನೆರಡು ಹದಿಮೂರು ಆಯಿತು, ಅದು ಕಡಿಮೆಯೇನಲ್ಲ.

ನೂರು ಪುಟದ ಗೆರೆ ಪುಸ್ತಕ ಸಾಕು. ಒಂದು ಪುಟಕ್ಕೆ ಒಂದು ಆಲ್ಬಂ. ಮೇಲೆ ಹೆಸರು, ಮೂಲ ಇಸವಿ, ಲೇಬಲ್, ಎಷ್ಟು ನಿಮಿಷ. ಎಡಕ್ಕೆ ವಾದ್ಯ, ಅದರ ಎದುರಿಗೆ ನುಡಿಸಿದವರು. ಕೆಳಗೆ ಮೂರು ಕೇಳಿಕೆಯ ತಾರೀಖು, ಎಲ್ಲಿ ಕೇಳಿದ್ದು, ನಿಂತ ಜಾಗ ಯಾವುದು: 'ನಾಲ್ಕನೆಯದು, ಎರಡನೇ ಚರಣದ ಮುಂಚೆ ಕೊಳಲು' ಎಂಬಷ್ಟು ಸಣ್ಣದಾಗಿ. 'ಚೆನ್ನಾಗಿದೆ' ಎಂದು ಮಾತ್ರ ಬರೆದರೆ ಮುಂದಿನ ವರ್ಷ ನಿಮಗೇ ಅರ್ಥವಾಗುವುದಿಲ್ಲ. ಕೊನೆಯ ಸಾಲಿನಲ್ಲಿ 'ಇಲ್ಲಿಂದ ಎಲ್ಲಿಗೆ' ಎಂದು ಒಂದೇ ಒಂದು ಹೆಸರು, ಅದೇ ಮುಂದಿನ ವಾರದ್ದು.

ನುಡಿಸಿದವರು ಯಾರೆಂದು ಸಿಗದಿದ್ದರೆ ಆ ಸಾಲನ್ನು ಖಾಲಿ ಬಿಡಬೇಡಿ. 'ಕೊಳಲು: ?' ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಎಂಟು ಪುಟ ಆದ ಮೇಲೆ ಇನ್ನಾವುದೋ ಕ್ಯಾಸೆಟ್ಟಿನಲ್ಲಿ ಅದೇ ಉಸಿರು, ಅದೇ ಜಾರು ಕೇಳಿಸಿ, ಅಲ್ಲಿ ಹೆಸರು ಇದ್ದರೆ ಹಿಂದಿನ ಪುಟಕ್ಕೆ ಹೋಗಿ ಪ್ರಶ್ನಾರ್ಥಕದ ಪಕ್ಕ ಆ ಹೆಸರು ಬರೆಯಿರಿ. ಕಾಗದದಲ್ಲಿ ಅಚ್ಚಾಗಿರುವುದು ಕಾಣುವವರೆಗೆ ಪೆನ್ಸಿಲಿನಲ್ಲೇ ಇರಲಿ.